ಹದಿನಾಲ್ಕು ತಿಂಗಳ ಬೀಗ, ಹನ್ನೊಂದು ಬ್ಯಾಟರಿ

ಮಸ್ಕಿಯ ಮೌನೇಶ್ವರಿಗೆ ಆ ಹೆಸರಿಟ್ಟವರು ಯಾರೋ ಏನೋ, ಮುಂದಿನದು ಕಾಣುವ ಶಕ್ತಿ ಮಾತ್ರ ಅವರಿಗಿರಲಿಲ್ಲ. ಮೂವತ್ತಾರು ವರ್ಷದ ಈ ಹೆಣ್ಣುಮಗಳು ಬಾಯಿ ಮುಚ್ಚಿಕೊಂಡು ಕೂತದ್ದನ್ನು ನೋಡಿದವರು ಇಡೀ ತಾಲ್ಲೂಕಿನಲ್ಲಿ ಸಿಕ್ಕಲಾರರು. ಸಿಂಧನೂರು ರಸ್ತೆಯಲ್ಲಿರುವ ಆಕೆಯ ಬ್ಯಾಟರಿ ಅಂಗಡಿಗೆ ಹೋದವರಿಗೆ ಮೊದಲು ಬೈಗುಳ, ಆಮೇಲೆ ಕೆಲಸ. ಟ್ರ್ಯಾಕ್ಟರಿನ ಬ್ಯಾಟರಿಗೆ ನೀರು ಹಾಕದೆ ಒಣಗಿಸಿ ತಂದವನಿಗೆ, ಎಮ್ಮೆಗೆ ದಿನಾ ನೀರು ಕುಡಿಸುತ್ತೀಯಲ್ಲ, ಇದೇನು ಪಾಪ ಮಾಡಿತ್ತು ಎಂದು ಕೇಳುತ್ತಾಳೆ. ಪೆಟ್ರೋಲಿಲ್ಲದೆ ಓಡುವ ಚಾರ್ಜಿಂಗ್ ಗಾಡಿಯನ್ನು ಆರು ತಿಂಗಳು ಮೂಲೆಗೆ ನಿಲ್ಲಿಸಿ, ಈಗ ಏಳವಲ್ಲದು ಎಂದು ತಂದವನ ಗತಿ ಇನ್ನೂ ಕೆಟ್ಟದ್ದು. ಆದರೂ ಜನ ಹೋಗುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಹುಡುಕಿದರೂ ನಿಂತಲ್ಲೇ ಸತ್ತ ಬ್ಯಾಟರಿಯನ್ನು ಎಬ್ಬಿಸುವ ಕೈ ಅದೊಂದೇ. ಏಳಲಾರದ್ದನ್ನು ಏಳಲಾರದು ಎಂದು ಮುಖಕ್ಕೆ ಹೇಳುವ ಬಾಯಿಯೂ ಅದೊಂದೇ.

ಆಕೆಯ ಸಿಟ್ಟನ್ನು ಕಾಲಿಗೆ ಗಂಟು ಹಾಕುವುದು ಜನರ ರೂಢಿ. ಎರಡು ವರ್ಷದವಳಿದ್ದಾಗ ಪಾಮನಕಲ್ಲೂರಿನಲ್ಲಿ ಜ್ವರ ಬಂದು ಎರಡೂ ಕಾಲು ಸೊರಗಿದವು, ಅದಕ್ಕೇ ಹೀಗೆ ಉರಿಯುತ್ತಾಳೆ, ಪಾಪ, ಎನ್ನುತ್ತಾರೆ. ಶುದ್ಧ ಸುಳ್ಳು. ಕಾಲಿನ ಮೇಲೆ ಆಕೆಗೆ ಎಂದೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಆ ‘ಪಾಪ’ದ ಮೇಲೆ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಬಂದಾಗ ಆಕೆಗೆ ಹನ್ನೆರಡು ವರ್ಷ. ಸೈಕಲ್ ಬಂದ ದಿನದಿಂದ ಊರಿನವರಿಗೆಲ್ಲ ಒಂದು ಹೊಸ ಚಟ ಅಂಟಿತು. ಹಾದಿಯಲ್ಲಿ ಹೋಗುವವರು ಕೇಳದೆ ಕರೆಯದೆ ಹಿಂದಿನಿಂದ ಬಂದು ನೂಕಿಬಿಡುವುದು. ನೂಕಿ ಕೈ ಕಣ್ಣಿಗೊತ್ತಿಕೊಂಡು, ಪುಣ್ಯ ಬಂತು ಎಂದು ಹೋಗುವುದು. ಈಕೆಗೆ ಎಡಕ್ಕೆ ಹೋಗಬೇಕಿದೆಯೋ ಬಲಕ್ಕೋ, ನಿಂತಿರಬೇಕಿದೆಯೋ, ಯಾರಿಗೂ ಬೇಕಾಗಿರಲಿಲ್ಲ. ಒಮ್ಮೆ ಪಾದಯಾತ್ರೆಗೆ ಹೊರಟ ಯಾರೋ ಭಕ್ತ ಇಳಿಜಾರಿನಲ್ಲಿ ನೂಕಿ, ಕೈಬಿಟ್ಟು, ಮುಂದೆ ಹೋದ. ಸೈಕಲ್ ಚರಂಡಿಗೆ ಬಿದ್ದು ಮೌನೇಶ್ವರಿಯ ಬಲಗೈ ಮುರಿಯಿತು. ಆತ ತಿರುಗಿಯೂ ನೋಡಲಿಲ್ಲ, ಪುಣ್ಯ ಅಷ್ಟೊತ್ತಿಗೆ ಜಮಾ ಆಗಿತ್ತಲ್ಲ.

ಕೈಯ ಪಟ್ಟಿ ಬಿಚ್ಚಿದ ದಿನ ಆಕೆ ಅಣ್ಣನಿಂದ ಕೆಂಪು ಬಣ್ಣ ತರಿಸಿ ಸೈಕಲ್ಲಿನ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ಬರೆದಳು: ನೂಕಬ್ಯಾಡ್ರಿ. ಇಪ್ಪತ್ನಾಲ್ಕು ವರ್ಷದಲ್ಲಿ ಸೈಕಲ್ ಮೂರು ಬದಲಾದವು. ಬರಹ ಒಂದೇ.

ಬ್ಯಾಟರಿಯ ವಿದ್ಯೆ ಕಲಿತದ್ದು ಸಿಂಧನೂರಿನಲ್ಲಿ. ಅಲ್ಲಿನ ಅಕ್ಕಿ ಗಿರಣಿಗಳ ಸಾಲಿನಲ್ಲಿ ಜಂಗ್ಲಿಸಾಬ್ ಎಂಬ ಮುದುಕನ ಅಂಗಡಿ ಇತ್ತು. ಕಾಲುವೆ ಸೀಮೆಯ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ, ಎಲ್ಲದರ ಬ್ಯಾಟರಿ ಅವನ ಕೈಗೇ ಬರುತ್ತಿದ್ದವು. ಚಿಕ್ಕಮ್ಮನ ಮನೆಯಲ್ಲಿದ್ದ ಹದಿನೆಂಟರ ಮೌನೇಶ್ವರಿ ಹೋಗಿ ಕೆಲಸ ಕಲಿಸು ಎಂದಾಗ ಅವನು ಆಕೆಯ ಕಾಲು ನೋಡಲಿಲ್ಲ, ಕೈ ತೋರಿಸು ಎಂದ. ಸೈಕಲ್ ತಿರುಗಿಸಿ ತಿರುಗಿಸಿ ಕಲ್ಲಾದ ಕೈ. ಮರುದಿನದಿಂದ ಕೂಡಿಸಿಕೊಂಡ. ಆಸಿಡ್ಡಿಗೆ ಲಂಗದಲ್ಲಿ ತೂತು ಬಿದ್ದವು, ಬೆರಳು ಬೆಂದವು, ವಿದ್ಯೆ ಹತ್ತಿತು. ನಿಂತು ನಿಂತು ಬರಿದಾದ ಬ್ಯಾಟರಿ ಬಂದರೆ ಅವನು ಒಂದೇ ಮಾತು ಹೇಳುತ್ತಿದ್ದ:

“ರೋಜಾ ಉಪಾಸ ಬಿಡೋ ಟೈಮಿನಾಗ ಮೊದಲ ಖಜೂರ, ಆಮ್ಯಾಲ ನೀರು. ಒಮ್ಮಿಗೇ ಬಿರ್ಯಾನಿ ತಿನಿಸಿದ್ರ ಹೊಟ್ಟಿ ಹಿಡೀತೈತಿ ಬೇಟಾ. ಇದಕ್ಕೂ ಹಂಗ. ಸಬರ್ ಬೇಕು.”

ಜಂಗ್ಲಿಸಾಬ್ ತೀರಿಕೊಂಡು ಐದು ವರ್ಷವಾಯಿತು. ಅವನ ಮೀಟರು ಈಗ ಮಸ್ಕಿಯ ಅಂಗಡಿಯಲ್ಲಿದೆ. ಸಬರ್ ಎಂಬ ಆ ತಾಳ್ಮೆಯೊಂದನ್ನು ಮೌನೇಶ್ವರಿ ಬ್ಯಾಟರಿಗಳಿಗೆ ಮಾತ್ರ ಮೀಸಲಿಟ್ಟಳು, ಮನುಷ್ಯರಿಗೆ ಉಳಿಯಲಿಲ್ಲ. ಚಾರ್ಜಿಂಗ್ ಗಾಡಿಗಳು ಬಂದ ಮೇಲೆ ಮೊಬೈಲಿನಲ್ಲಿ ನೋಡಿ, ಕೆಡಿಸಿ, ಎರಡು ಬೆರಳು ಸುಟ್ಟುಕೊಂಡು ಲಿಥಿಯಂ ಬ್ಯಾಟರಿಯ ಕೆಲಸವನ್ನೂ ತಾನೇ ಕಲಿತಳು.

ಇನ್ನು ಆ ಹನ್ನೊಂದು ಗಾಡಿಗಳ ವಿಷಯ.

ಲಿಂಗಸುಗೂರಿನಲ್ಲಿ ನಾಲ್ಕಾರು ವ್ಯಾಪಾರಸ್ಥರು ಕೂಡಿ ಕಟ್ಟಿದ ಒಂದು ಸೇವಾ ಸಮಿತಿ ಇತ್ತು. ಅದರ ಕಾರ್ಯದರ್ಶಿ ಯಂಕೋಬ, ಕಬ್ಬಿಣ-ಸಿಮೆಂಟಿನ ವ್ಯಾಪಾರಿ. ಕೆಟ್ಟ ಮನುಷ್ಯನಲ್ಲ. ಅದೇ ತ್ರಾಸು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಎರಡು ವರ್ಷ ಊರೂರು ಅಲೆದು ಅರ್ಜಿ ತೆಗೆದುಕೊಂಡು, ಕಾಲು ನಡೆಯದ ಹನ್ನೊಂದು ಮಂದಿಗೆ ಪಕ್ಕಕ್ಕೆರಡು ಗಾಲಿ ಕೂಡಿಸಿದ ಚಾರ್ಜಿಂಗ್ ಗಾಡಿ ತರಿಸಿದವನು ಇದೇ ಯಂಕೋಬ. ಪಟ್ಟಿಯಲ್ಲಿ ಮೌನೇಶ್ವರಿಯ ಹೆಸರೂ ಇತ್ತು. ಸಂತೆಕಲ್ಲೂರಿನ ಸೂಗಮ್ಮನ ಹೆಸರೂ ಇತ್ತು.

ಗಾಡಿಗಳು ಬಂದವು. ಬಂದವು, ಬಂದು ಕಲ್ಯಾಣಮಂಟಪದ ಹಿಂದಿನ ಗೋದಾಮಿನಲ್ಲಿ ಸಾಲಾಗಿ ನಿಂತವು. ಕೊಡಬೇಕೆಂದರೆ ಸಮಾರಂಭ ಬೇಕು, ಸಮಾರಂಭಕ್ಕೆ ರಾಯಚೂರಿನಿಂದ ಮುಖ್ಯ ಅತಿಥಿ ಬೇಕು, ಅತಿಥಿಗೆ ಪುರಸೊತ್ತು ಬೇಕು. ಪುರಸೊತ್ತು ಸಿಕ್ಕಾಗ ಆಷಾಢ. ಆಷಾಢ ಮುಗಿದಾಗ ಕಲ್ಯಾಣಮಂಟಪದಲ್ಲಿ ಮದುವೆಗಳು. ಆಮೇಲೆ ಅತಿಥಿಯ ಮನೆಯಲ್ಲಿ ಸೂತಕ, ಆಮೇಲೆ ಧನುರ್ಮಾಸ, ಆಮೇಲೆ ಯಾವುದೋ ಚುನಾವಣೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೂ ಕೊಡುವ ಮನಸ್ಸಿತ್ತು, ಮಂಗಳಾರತಿಯ ಹೊತ್ತೇ ಬರಲಿಲ್ಲ. ನೋಡನೋಡುತ್ತ ಹದಿನಾಲ್ಕು ತಿಂಗಳು ಕಳೆದವು.

ಎರಡನೇ ತಿಂಗಳಲ್ಲೇ ಮೌನೇಶ್ವರಿ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಬಂದಿದ್ದಳು. ಬಸ್ಸು ಹತ್ತುವುದೆಂದರೆ ಆಕೆಗೆ ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹೇರಿಸುವುದು, ಕೈಮೇಲೆ ಕೈಯೂರಿ ಮೆಟ್ಟಿಲು ಏರುವುದು, ಜನರ ಕಾಲಿನ ನಡುವೆ ಕೂಡುವುದು. ಹಾಗೆ ಹೋಗಿ ಯಂಕೋಬನಿಗೆ ತಿಳಿಯುವಂತೆ ಹೇಳಿದಳು. ಈ ಬ್ಯಾಟರಿ ಸುಮ್ಮನೆ ನಿಂತರೂ ತನ್ನ ಚಾರ್ಜನ್ನು ತಾನೇ ತಿನ್ನುತ್ತಲೇ ಇರುತ್ತದೆ, ತಿಂಗಳಿಗೊಮ್ಮೆ ಎರಡು ತಾಸು ಚಾರ್ಜ್ ಮಾಡಿಸಿ, ಬೇಕಾದರೆ ನಾನೇ ಬಂದು ಮಾಡುತ್ತೇನೆ, ದುಡ್ಡು ಬೇಡ. ಯಂಕೋಬ ನಕ್ಕ. ಸೀಟಿನ ಮೇಲಿನ ಪ್ಲಾಸ್ಟಿಕ್ ಹರಿದು, ಕೀಲಿಯ ಸೀಲು ಒಡೆದರೆ ಹಳೇ ಗಾಡಿ ಕೊಟ್ಟರು ಎನ್ನುತ್ತಾರೆ ಜನ, ಅತಿಥಿಗಳ ಕೈಯಿಂದ ಕೀಲಿ ಕೊಡುವತನಕ ಯಾರೂ ಮುಟ್ಟುವ ಹಾಗಿಲ್ಲ ಎಂದ. ಚಹಾ ತರಿಸಿದ. ಹೋಗುವಾಗ ಆಕೆಯ ಸೈಕಲ್ ನೂಕಲು ಬಂದ. ಬೆನ್ನಿನ ಬರಹ ಓದಿ ಕೈ ಹಿಂದೆ ತೆಗೆದುಕೊಂಡ.

ಗೋದಾಮಿಗೆ ಶಿವರಾಜ ಎಂಬ ಕಾವಲುಗಾರ ಇದ್ದ. ಬಹಳ ನಿಯತ್ತಿನ ಮನುಷ್ಯ. ಕಳ್ಳರ ಭಯಕ್ಕೆ ಹನ್ನೊಂದೂ ಗಾಡಿಯ ಅಲಾರಂ ರಿಮೋಟಿನಿಂದ ಹಾಕಿಟ್ಟಿದ್ದರು. ಅಲಾರಂ ಹಾಕಿದ ಗಾಡಿಯ ಮುಂದೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಶಿವರಾಜ ದಿನಾ ಸಂಜೆ ಬಾಗಿಲು ತೆರೆದು ಹನ್ನೊಂದೂ ದೀಪ ಎಣಿಸಿ, ಎಲ್ಲಕ್ಕೂ ಜೀವ ಐತ್ರಿ ಎಂದು ಯಂಕೋಬನಿಗೆ ಫೋನು ಮಾಡುತ್ತಿದ್ದ. ಅದೇ ದೀಪ ಒಳಗಿನ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತಿದೆ ಎಂಬುದು ಅವನಿಗೇನು ಗೊತ್ತು? ಅದು ಸಾಲದೆಂದು ದಸರೆಯಲ್ಲಿ ಆಯುಧಪೂಜೆ ಮಾಡಿದರು. ಕುಂಬಳಕಾಯಿ ಒಡೆದು, ಕೀಲಿಯ ಸೀಲು ಮುಟ್ಟದೆ ಅದೇ ರಿಮೋಟಿನಿಂದ ಬಾಗಿಲ ಬಳಿಯ ನಾಲ್ಕು ಗಾಡಿಗಳ ಮುಂದಿನ ದೀಪ ಹಚ್ಚಿ, ಆರತಿ ಎತ್ತಿದರು. ಪೂಜೆಯಲ್ಲಿ ಹಚ್ಚಿದ ದೀಪವನ್ನು ಕೈಯಾರೆ ಆರಿಸಬಾರದಲ್ಲ! ಶಿವರಾಜ ಆರಿಸಲಿಲ್ಲ. ಎರಡು ದಿನ ಉರಿದು ಅವು ತಾವೇ ಆರಿದವು. ದೇವಿ ಶಾಂತಳಾದಳು ಎಂದು ಅವನು ಕೈಮುಗಿದ. ಮುಂದೆ ಒಂದೊಂದಾಗಿ ಉಳಿದ ಕೆಂಪು ದೀಪಗಳೂ ನಿಂತಾಗ ಹೇಳಲು ಹೆದರಿ, ಎಲ್ಲಕ್ಕೂ ಜೀವ ಐತ್ರಿ ಎಂದೇ ಫೋನು ಮಾಡುತ್ತ ಹೋದ.

ಕೊನೆಗೂ ಒಂದು ಭಾನುವಾರಕ್ಕೆ ಅತಿಥಿಯ ತಾರೀಕು ಸಿಕ್ಕಿತು. ಅದರ ಹಿಂದಿನ ಸೋಮವಾರ ಯಂಕೋಬ ಸೀಲು ಒಡೆದು ಕೀಲಿ ತಿರುಗಿಸಿದ. ಹನ್ನೊಂದರಲ್ಲಿ ಒಂದೂ ಏಳಲಿಲ್ಲ.

ಮಂಗಳವಾರ ಬೆಳಿಗ್ಗೆ ಹನ್ನೊಂದು ಬ್ಯಾಟರಿಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಮೌನೇಶ್ವರಿಯ ಅಂಗಡಿಗೆ ಬಂದ. ಆಕೆ ಬೈಯಲಿಲ್ಲ. ಅದು ಇನ್ನೂ ಕೆಟ್ಟ ಲಕ್ಷಣ. ಆಟೋ ನೋಡಿದಳು, ಯಂಕೋಬನನ್ನು ನೋಡಿದಳು, ಒಂದು ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳದ ಸ್ಕ್ರೂ ಬಿಚ್ಚತೊಡಗಿದಳು. ಮೂರು ವರ್ಷ ಅರ್ಜಿ ಹಾಕಿ ಕಾದ ಗಾಡಿ. ತಾನು ಬೇಡವೆಂದರೂ ನೂಕುವ ಜನರ ಕೈಯಿಂದ ತಪ್ಪಿಸಿಕೊಂಡು, ತನಗೆ ಬೇಕಾದಾಗ ಹೊರಟು ಬೇಕಾದಲ್ಲಿ ನಿಲ್ಲುವ ಗಾಡಿ. ಅದನ್ನು ಕೊಂದು ತಂದು ತನ್ನ ತೊಡೆಯ ಮೇಲೇ ಇಟ್ಟಿದ್ದರು. ಮೇಲೆ ಯಂಕೋಬ, ತಂಗಿ, ಅತಿಥಿಗಳು ಬರ್ತಾರೆ, ಮರ್ಯಾದಿ ಪ್ರಶ್ನೆ ಎನ್ನುತ್ತಿದ್ದ.

ಇವನನ್ನೂ ಇವನ ಮರ್ಯಾದಿಯನ್ನೂ ಅದೇ ಆಟೋದಲ್ಲಿ ಹೇರಿ ಕಳಿಸಬೇಕೆಂದು ಆಕೆಗೆ ಅನಿಸಿತು. ಕಳಿಸುತ್ತಿದ್ದಳೂ ಹೌದು. ತಡೆದದ್ದು ಸೂಗಮ್ಮ.

ಸೂಗಮ್ಮನಿಗೆ ಇಪ್ಪತ್ತಾರು ವರ್ಷ. ಸಂತೆಕಲ್ಲೂರಿನವಳು, ಎರಡು ಊರುಗೋಲಿನ ಮೇಲೆ ನಡೆಯುತ್ತಾಳೆ. ಮಸ್ಕಿಯ ಒಂದು ಖಾಸಗಿ ದವಾಖಾನೆಯಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸ ಸಿಕ್ಕಿತ್ತು. ಊರಲ್ಲಿ ಹಾಸಿಗೆ ಹಿಡಿದ ತಾಯಿ, ಹಾಗಾಗಿ ದಿನಾ ಹೋಗಿ ಬರಬೇಕು. ಬೆಳಗಿನ ಟಂಟಂ ಆಟೋಗಳಲ್ಲಿ ಏಳು ಮಂದಿಯ ಜಾಗದಲ್ಲಿ ಹದಿನಾಲ್ಕು ಮಂದಿ. ಎರಡು ಊರುಗೋಲು ಇಬ್ಬರ ಜಾಗ ತಿನ್ನುತ್ತವೆ ಎಂದು ಡ್ರೈವರುಗಳು ಈಕೆಯನ್ನು ನೋಡಿದರೂ ನಿಲ್ಲಿಸುವುದಿಲ್ಲ. ಗಾಡಿ ಬರುತ್ತದೆ, ಇನ್ನೇನು ಬಂತು ಎಂದು ದವಾಖಾನೆಯವರಿಗೆ ಹದಿನಾಲ್ಕು ತಿಂಗಳಿಂದ ಹೇಳುತ್ತ ಬಂದಿದ್ದಳು. ಅವರ ತಾಳ್ಮೆ ಮುಗಿದಿತ್ತು. ಮುಂದಿನ ಸೋಮವಾರದಿಂದ ಎಂಟೂವರೆಗೆ ಕುರ್ಚಿಯಲ್ಲಿರಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಇದನ್ನು ಸೂಗಮ್ಮ ಹಿಂದಿನ ದಿನವಷ್ಟೇ ಮೌನೇಶ್ವರಿಗೆ ಹೇಳಿ, ಭಾನುವಾರ ಗಾಡಿ ಸಿಗ್ತೈತಲ್ಲಕ್ಕ, ಚಿಂತಿಲ್ಲ ಎಂದು ನಕ್ಕು ಹೋಗಿದ್ದಳು. ಸೂಗಮ್ಮನಿಗೆ ಸಿಟ್ಟು ಬರುವುದಿಲ್ಲ. ಆಕೆಯ ಪಾಲಿನದೂ ಮೌನೇಶ್ವರಿಗೇ ಬರುತ್ತದೆ.

ಹಾಗಾಗಿ ಬ್ಯಾಟರಿಗಳನ್ನು ಇಳಿಸಿಕೊಂಡಳು.

ಒಂದೊಂದು ಬ್ಯಾಟರಿಯೊಳಗೆ ಹದಿನಾರು ಸೆಲ್ಲುಗಳ ಸಾಲು. ಹೊರಗಿನಿಂದ ಮೀಟರು ಹಿಡಿದರೆ ಸೊನ್ನೆ. ಅದು ನಿಜವಾದ ಸಾವಲ್ಲ, ಒಳಗಿನ ರಕ್ಷಣೆಯ ಬೋರ್ಡು ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಮುಚ್ಚಳ ತೆಗೆದು ಒಂದೊಂದೇ ಸೆಲ್ಲಿನ ನಾಡಿ ನೋಡಬೇಕು. ಮೂರು ವೋಲ್ಟಿಗಿಂತ ಮೇಲಿರಬೇಕಾದದ್ದು ಎರಡಕ್ಕೆ ಇಳಿದಿದ್ದರೆ ಆಸೆ ಉಂಟು. ಅರ್ಧ ಆಂಪಿಯರಿನಷ್ಟು ಸಣ್ಣ ಧಾರೆ ಬಿಟ್ಟು, ಬಿಸಿಯಾಗುತ್ತದೆಯೇ ಎಂದು ಬೆನ್ನು ಮುಟ್ಟಿ ನೋಡುತ್ತ ದಿನವಿಡೀ ಕುಡಿಸಬೇಕು. ಮೂರು ಮುಟ್ಟಿದ ಮೇಲೆ ಹೊಟ್ಟೆ ತುಂಬ ಊಟ. ಆಮೇಲೂ ಒಂದು ದಿನ ಸುಮ್ಮನೆ ಬಿಟ್ಟು, ತಿಂದದ್ದು ನಿಂತಿದೆಯೇ ನೋಡಬೇಕು. ಒಂದು ವೋಲ್ಟಿಗಿಂತ ಕೆಳಗಿಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ, ಇಲ್ಲವೆ ಹೊಟ್ಟೆ ಉಬ್ಬಿದ್ದರೆ, ಅದನ್ನು ಎಬ್ಬಿಸಬಾರದು. ಎದ್ದ ಹಾಗೆ ಕಾಣುತ್ತದೆ, ಒಳಗೇ ಸುಡಲು ಸುರು ಮಾಡಿರುತ್ತದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಏಳು ಬ್ಯಾಟರಿ ಎದ್ದಿದ್ದವು. ನಾಲ್ಕು ಏಳಲಿಲ್ಲ. ಆರತಿ ಎತ್ತಿಸಿಕೊಂಡ ನಾಲ್ಕು. ಬ್ಯಾಟರಿಯ ಮೇಲಿನ ನಂಬರನ್ನು ಪಟ್ಟಿಯೊಡನೆ ಇಟ್ಟು ನೋಡಿದಳು. ಗುರುಗುಂಟಾದ ದುರುಗೇಶನದು, ಸಿಂಧನೂರಿನ ಹೊಲಿಗೆಯ ಶಾಹೀಸ್ತಾಳದು, ಸೂಗಮ್ಮನದು, ನಾಲ್ಕನೆಯದು ತನ್ನದೇ. ಸುಮಾರು ಹೊತ್ತು ಆ ನಾಲ್ಕರ ಮುಂದೆ ಕೂತಳು. ಅತ್ತಳು ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳುತ್ತಾನೆ. ಅವನ ಮಾತು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಸಂಜೆ ಯಂಕೋಬ ಬಂದ. ನಾಲ್ಕು ಹೋದವು ಎಂದು ಕೇಳಿ ಅವನ ಮುಖ ಬಾಡಿತು. ಹನ್ನೊಂದು ಎಂದು ಆಮಂತ್ರಣ ಪತ್ರಿಕೆ ಅಚ್ಚಾಗಿದೆ, ಹನ್ನೊಂದು ಗಾಡಿ ಅಂಗಳದಲ್ಲಿ ಒಂದು ಸುತ್ತು ಹೊಡೆಯಬೇಕು, ಅತಿಥಿಗಳು ಹಸಿರು ಬಾವುಟ ಬೀಸುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿ, ಯಾರೋ ಹೇಳಿದ್ದಾರೆ, ಬೋರ್ಡು ತಪ್ಪಿಸಿ ನೇರ ಕರೆಂಟು ಕೊಟ್ಟರೆ ಎಂಥ ಬ್ಯಾಟರಿಯೂ ಒಂದು ತಾಸು ಏಳುತ್ತದಂತೆ ಎಂದ. ಒಂದು ತಾಸು ಸಾಕು, ಆಮೇಲಿನದು ಆಮೇಲೆ.

ಆಗ ಮೌನೇಶ್ವರಿ ಬಾಯಿ ತೆರೆದಳು. ದನಿ ಏರಿಸಲಿಲ್ಲ.

“ಏಳ್ತೈತ್ರಿ. ಒಂದ್ ತಾಸಲ್ಲ, ಎರಡ್ ದಿನಾನೂ ಓಡ್ತೈತಿ. ಮೂರನೇ ದಿನ ಬೆಂಕಿ ಹತ್ತತೈತಿ. ಎಲ್ಲಿ ಹತ್ತತೈತಿ ಗೊತ್ತೇನ್ರಿ? ಸೀಟಿನ ಬುಡಕ. ಕಾಲಿದ್ದವ್ರಾದ್ರ ಜಿಗದು ಓಡ್ತಾರ. ನಾವೆಲ್ಲಿಗಿ ಓಡೂಣು? ನಿಮ್ಮ ಫೋಟೊಕ್ಕ ನಮ್ಮ ಕುಂಡಿ ಬುಡಕ ಬೆಂಕಿ ಇಡಂತೀರಿ.”

ಯಂಕೋಬ, ತಾನು ಹಾಗೆ ಯೋಚಿಸಿರಲಿಲ್ಲ ಎಂದ. ಅದು ಖರೆಯೇ. ಅವನು ಯೋಚಿಸಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ, ಆ ಸೀಟಿನ ಮೇಲೆ ಕೂಡುವವರು ಯಾರು, ಕೂತು ಎಲ್ಲಿಗೆ ಹೋಗುತ್ತಾರೆ, ಇವತ್ತು ಹೋಗದಿದ್ದರೆ ಅವರ ಬದುಕಿಗೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸಿದ್ದೆಲ್ಲ ಕೀಲಿ ಕೊಡುವ ಕೈಯ ಬಗ್ಗೆ.

ಅವನು ಹೋದ ಮೇಲೆ ಮೌನೇಶ್ವರಿಗೆ ಉಳಿದದ್ದು ಒಂದೇ ಹಾದಿ. ಸತ್ತ ನಾಲ್ಕು ಬ್ಯಾಟರಿಗಳನ್ನು ಪೂರಾ ಬಿಚ್ಚಿದಳು. ಅರವತ್ನಾಲ್ಕು ಸೆಲ್ಲು. ಒಂದೇ ಸಾಲಿನಲ್ಲಿದ್ದರೂ ಎಲ್ಲ ಒಂದೇ ಸಮ ಸಾಯುವುದಿಲ್ಲ, ಕೆಲವು ಗಟ್ಟಿಪಿಂಡಗಳು ಉಳಿದಿರುತ್ತವೆ. ಶುಕ್ರವಾರ ಬೆಳಗಿನಿಂದ ಒಂದೊಂದನ್ನೂ ಹಿಡಿದು ಅಳೆದಳು, ಕುಡಿಸಿದಳು, ಮತ್ತೆ ಅಳೆದಳು. ಉಬ್ಬಿದವು ಹೊರಗೆ, ಒಂದು ವೋಲ್ಟಿಗಿಂತ ಕೆಳಗಿದ್ದವು ಹೊರಗೆ, ಕುಡಿದು ಬಿಸಿಯಾದವು ಹೊರಗೆ. ಶನಿವಾರ ಮಧ್ಯಾಹ್ನ ಕೈಯಲ್ಲಿ ಉಳಿದವು ಹದಿನೆಂಟು. ಒಂದು ಬ್ಯಾಟರಿಗೆ ಬೇಕಾದದ್ದು ಹದಿನಾರು.

ನಾಲ್ವರ ಸಾಮಾನು, ಒಂದು ಬ್ಯಾಟರಿ. ಯಾರಿಗೆ ಎಂಬುದು ತನ್ನೊಬ್ಬಳ ಮಾತಲ್ಲ ಎಂದು ಆಕೆ ಉಳಿದವರಿಗೆ ಫೋನು ಹಚ್ಚಿ, ಸೂಗಮ್ಮನಿಗೆ ಕೊಡೋಣವೇ ಎಂದು ಕೇಳಿದಳು. ಶಾಹೀಸ್ತಾ ಕೇಳಿ, ನನ್ನ ಹೊಲಿಗೆ ಮಷೀನು ಮನೆಯಲ್ಲೇ ಇದೆ, ನಾನು ಕಾಯುತ್ತೇನೆ, ಆಕೆಗೆ ಕೊಡು ಎಂದಳು. ದುರುಗೇಶ ಒಪ್ಪಲಿಲ್ಲ. ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವನು, ಅವನಿಗೂ ಗಾಡಿ ಬೇಕೇ ಬೇಕಿತ್ತು. “ನನ್ನ ಗಾಡಿ ಕರುಳು ಕಿತ್ತು ಆಕಿಗಿ ಹಾಕ್ತೀಯಲ್ಲ, ನಾ ಏನು ಮನಷ್ಯಾ ಅಲ್ಲೇನಬೇ?” ಎಂದು ಬಾಯಿಗೆ ಬಂದಂತೆ ಬೈದ. ಮೌನೇಶ್ವರಿ ಜೀವಮಾನದಲ್ಲಿ ಮೊದಲ ಸಲ ಒಬ್ಬರ ಬೈಗುಳವನ್ನು ಕೊನೆತನಕ ಕೇಳಿಸಿಕೊಂಡಳು. ಅವನ ಸಿಟ್ಟು ನ್ಯಾಯದ ಸಿಟ್ಟು. ನ್ಯಾಯದ ಸಿಟ್ಟಿನ ರುಚಿ ಆಕೆಗೆ ಗೊತ್ತು. ಮುಗಿದ ಮೇಲೆ, ನನ್ನದೂ ಸತ್ತೈತೋ ಅಣ್ಣಾ ಎಂದಷ್ಟೇ ಹೇಳಿದಳು. ಆಕೆಗೇನಂತೆ ಅಷ್ಟು ಅವಸರ ಎಂದು ಅವನು ಕೇಳಿದ. ಸೂಗಮ್ಮನ ಕುರ್ಚಿಯ ವಿಷಯ ಹೇಳಿದಳು. ದುರುಗೇಶ ಫೋನು ಇಟ್ಟುಬಿಟ್ಟ. ಇಲ್ಲ ಎನ್ನಲಿಲ್ಲವಲ್ಲ ಎಂದುಕೊಂಡು ಆಕೆ ಹದಿನಾರು ಸೆಲ್ಲು ಜೋಡಿಸಿದಳು.

ಜೋಡಿಸಿದ ಬ್ಯಾಟರಿಗೆ ಸಂಜೆತನಕ ಭಾರ ಹೊರಿಸಿ ಪರೀಕ್ಷೆ ಮಾಡಿದಳು. ನಿಂತಿತು. ಸಂತೆಕಲ್ಲೂರಿನಿಂದ ಮಸ್ಕಿಗೆ ಹೋಗಿ, ತಿರುಗಿ ಬಂದು, ಇನ್ನೂ ಒಂದಿಷ್ಟು ಉಳಿಯುವಷ್ಟು ಗಟ್ಟಿ.

ಭಾನುವಾರ ಕಲ್ಯಾಣಮಂಟಪದ ಅಂಗಳದಲ್ಲಿ ಶಾಮಿಯಾನ, ಮೈಕು, ಕೇಸರಿಬಾತು. ಮೌನೇಶ್ವರಿ ಬೆಳಿಗ್ಗೆ ಏಳಕ್ಕೇ ಬಂದು ಗೋದಾಮಿನಲ್ಲಿ ಎಂಟು ಗಾಡಿಗಳಿಗೆ ತನ್ನ ಕೈಯಿಂದಲೇ ಬ್ಯಾಟರಿ ಕೂಡಿಸಿದಳು. ಉಳಿದ ಮೂರರ ಕೀಲಿ ಯಾರ ಕೈಗೂ ಸಿಗದಂತೆ ತನ್ನ ಚೀಲದಲ್ಲಿ ಹಾಕಿಕೊಂಡಳು. ಶಿವರಾಜ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ದೀಪ ಆರಿದ್ದನ್ನು ನಾನು ಮುಚ್ಚಿಟ್ಟೆನಕ್ಕಾ, ನನ್ನದೇ ತಪ್ಪು ಎಂದು ಅಳುವ ಹಾಗಾದ. ಅವನನ್ನು ಬೈಯಲು ಆಕೆಗೆ ಮನಸ್ಸಾಗಲಿಲ್ಲ. ಹೇಳಿಕೊಟ್ಟವರಿಲ್ಲದೆ ತಪ್ಪಿದವನು ಅವನು. ಹೇಳಿದರೂ ಕೇಳದವರು ಒಳಗೆ ಶಾಲು ಮಡಚುತ್ತಿದ್ದರು. ನಿನ್ನಿಂದ ಒಂದು ಕೆಲಸ ಆಗಬೇಕು, ನನ್ನ ಗಾಡಿ ಹೊರಗೆ ಒಯ್ದು ನಿಲ್ಲಿಸು ಎಂದಳು. ಅವನು ಒಯ್ಯುವ ಮೊದಲು ಚೀಲದಿಂದ ಕೆಂಪು ಬಣ್ಣದ ಡಬ್ಬಿ ತೆಗೆದು ಗಾಡಿಯ ಬೆನ್ನಿಗೆ ಏನೋ ಬರೆದಳು.

ಯಂಕೋಬನ ಏರ್ಪಾಡು ಹೀಗಿತ್ತು. ಓಡುವ ಎಂಟು ಮುಂದೆ, ಓಡದ ಮೂರು ಹಿಂದೆ, ಮೂರಕ್ಕೂ ದಪ್ಪ ಚೆಂಡುಹೂವಿನ ಹಾರ. ಮೂವರು ಅದರ ಮೇಲೆ ಸುಮ್ಮನೆ ಕೂತು ಫೋಟೊ ತೆಗೆಸಿಕೊಂಡರೆ ಆಯಿತು. ಹಾರಗಳನ್ನು ಅವನೇ ಅವಸರದಲ್ಲಿ, ಹಿಂದೆ ಬಗ್ಗಿ ನೋಡದೆ, ಗಾಡಿಗಳ ಸುತ್ತ ಬೆನ್ನಿನ ತನಕ ಹಾಕಿದ. ಮೌನೇಶ್ವರಿಯ ಗಾಡಿ ಗೇಟಿನ ಕಡೆಗಿದೆಯಲ್ಲ ಎಂಬುದು ಅವನ ಗಮನಕ್ಕೆ ಬಂದರೂ, ಅತಿಥಿಯ ಕಾರು ಒಳಗೆ ಬಂದಾಗಿತ್ತು.

ಭಾಷಣಗಳು ಮುಗಿದವು. ಕೀಲಿಗಳು ಕೈ ಬದಲಾದವು. ಅತಿಥಿ ಹಸಿರು ಬಾವುಟ ಬೀಸಿದ. ಎಂಟು ಗಾಡಿ ಸದ್ದಿಲ್ಲದೆ ಹೊರಟು ಅಂಗಳದಲ್ಲಿ ಒಂದು ಸುತ್ತು ಬಂದವು. ಏಳು ನಿಂತವು. ಒಂದು ನಿಲ್ಲಲಿಲ್ಲ. ಸೂಗಮ್ಮ ಊರುಗೋಲುಗಳನ್ನು ಮುಂದೆ ಅಡ್ಡ ಇಟ್ಟುಕೊಂಡು ನೇರ ಗೇಟು ದಾಟಿ ಸಂತೆಕಲ್ಲೂರಿನ ದಾರಿ ಹಿಡಿದಳು. ತಾಯಿಗೆ ಊಟ ಹಾಕುವ ಹೊತ್ತಾಗಿತ್ತು. ದಾಟುವಾಗ ಮೌನೇಶ್ವರಿಯ ಕಡೆ ನೋಡಿ ಹಾರ್ನ್ ಒತ್ತಿದಳು. ಆ ಮುಖವನ್ನು ನೋಡಿದ ಮೇಲೆ, ಮೌನೇಶ್ವರಿಗೆ ತಾನು ಮಾಡಲಿರುವ ಕೆಲಸದ ಬಗ್ಗೆ ಇದ್ದ ಅಳುಕೂ ಹೋಯಿತು.

ಚಪ್ಪಾಳೆ ನಿಂತಿತು. ಅತಿಥಿ ಕಾರು ಹತ್ತಿದ. ಕಾರು ಗೇಟಿನ ತನಕ ಬಂದು ನಿಂತಿತು. ಗೇಟಿಗೆ ಅಡ್ಡಲಾಗಿ ಮೌನೇಶ್ವರಿಯ ಗಾಡಿ ಇತ್ತು, ಗಾಡಿಯ ಮೇಲೆ ಮೌನೇಶ್ವರಿ ಇದ್ದಳು. ಕಾರಿನವನು ಹಾರ್ನ್ ಹೊಡೆದ. ಯಂಕೋಬ ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ ಓಡಿ ಬಂದು, ತಂಗಿ, ಸ್ವಲ್ಪ ಬದಿಗೆ ಸರೀ ಎಂದ.

“ಹೆಂಗ ಸರೀಲಿರಿ? ನೀವ ಕೊಟ್ಟ ಗಾಡಿ. ಸತ್ತೈತಿ. ನೂಕ್ರಿ.”

ಅವನು ಶಿವರಾಜನನ್ನು ಕೂಗಿದ. ಆಕೆ ಶಿವರಾಜನಿಗೆ ಅಲ್ಲೇ ನಿಲ್ಲು ಎಂದು ಕೈ ಮಾಡಿದಳು. ಅವನು ನಿಂತ. ಸಮಿತಿಯ ಇನ್ನಿಬ್ಬರು ಬರಹೋದರೆ ಹಿಂದಿನಿಂದ ದುರುಗೇಶನ ದನಿ ಕೇಳಿಸಿತು. ಅವನು ತನ್ನ ಸತ್ತ ಗಾಡಿಯ ಮೇಲೆ ಕೂತಲ್ಲಿಂದಲೇ, ನೀವಿಬ್ಬರೂ ಈಕಡೆ ಬರ್ರಿ, ನನ್ನನ್ನ ಮತ್ತ ಶಾಹೀಸ್ತಾನ್ನ ನೂಕವ್ರು ಬೇಕಲ್ಲ ಎಂದು ಕರೆದ. ಮೊಬೈಲು ಹಿಡಿದವರು ಹಿಡಿದೇ ಇದ್ದರು. ಫೋಟೊ ಬೇಕೆಂದಿದ್ದರಲ್ಲ, ಈಗ ಬೇಕಾದಷ್ಟು.

ಕಾರಿನ ಹಾರ್ನ್ ಮತ್ತೊಮ್ಮೆ ಕೂಗಿತು. ಯಂಕೋಬ ಬೇರೆ ಹಾದಿ ಕಾಣದೆ ಬಗ್ಗಿ ಗಾಡಿಯ ಬೆನ್ನಿಗೆ ಕೈ ಹಚ್ಚಿದ. ತಾನೇ ಹಾಕಿದ್ದ ಹಾರ ಪಕ್ಕಕ್ಕೆ ಸರಿಯಿತು. ಕೆಳಗೆ ಇನ್ನೂ ಪೂರ್ತಿ ಒಣಗದ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ನೂಕ್ರಿ. ಅವನ ಅಂಗೈಗೆ ಕೆಂಪು ಹತ್ತಿತು.

ಗಾಡಿ ಚಲಿಸಿತು. ಹ್ಯಾಂಡಲು ಮೌನೇಶ್ವರಿಯ ಕೈಯಲ್ಲಿತ್ತು. ಕಾರಿಗೆ ದಾರಿ ಬಿಡುವಷ್ಟು ಸರಿದರೆ ಸಾಕೆಂದು ಯಂಕೋಬ ತಿಳಿದಿದ್ದ. ಆಕೆ ಗೇಟಿನ ಹೊರಗೆ ಮಸ್ಕಿಯ ದಿಕ್ಕಿಗೆ ತಿರುಗಿಸಿದಳು. ಇಪ್ಪತ್ನಾಲ್ಕು ವರ್ಷ ಯಾರಿಗೂ ಬೆನ್ನಿಗೆ ಕೈ ಹಚ್ಚಗೊಡದವಳು, ಈಗ ಕೈ ತೆಗೆಯಗೊಡಲಿಲ್ಲ. ಸಿಟ್ಟು ಇಳಿದಿತ್ತೆಂದಲ್ಲ. ಅದು ಮೊದಲಿನಷ್ಟೇ ಇತ್ತು, ಆದರೆ ಈಗ ಹೋಗಬೇಕಾದ ಕಡೆಗೆ ಹೋಗುತ್ತಿತ್ತು. ಕಾರು ಪಕ್ಕದಿಂದ ಹಾದುಹೋಯಿತು. ಬಿಸಿಲೇರಿತ್ತು. ಎದುರಿನ ಸಣ್ಣ ಏರಿನಲ್ಲಿ ಯಂಕೋಬನ ಶಾಲು ಜಾರಿ ಬಿತ್ತು, ಅವನು ಎತ್ತಿಕೊಳ್ಳಲು ಕೈ ಬಿಡುವಂತಿರಲಿಲ್ಲ, ಬಿಟ್ಟರೆ ಗಾಡಿ ಹಿಂದಕ್ಕೆ ಬರುತ್ತಿತ್ತು. ಏದುಸಿರು ಬಿಡುತ್ತ, ಒಂದೇ ತಿಂಗಳು ತಡಿ ತಂಗಿ, ಮೂರೂ ಗಾಡಿಗೆ ಹೊಸಾ ಬ್ಯಾಟ್ರಿ ತರಸ್ತೀನಿ, ನನ್ನ ಮಾತು ಅಂತ ಇಟ್ಕೋ ಎಂದ.

“ತರಸ್ರಿ,” ಎಂದಳು ಮೌನೇಶ್ವರಿ, ಹಿಂದೆ ತಿರುಗದೆ. “ಬರೋತನಕ ನೂಕ್ರಿ.”